ಕಲ್ಲಿನಿಂದ ಬಂದ ಗಾಳಿ, ಕಲ್ಲಿಗೆ ಹೋದ ಗಾಳಿ

ನಾವು ಒಳಗೆಳೆದುಕೊಳ್ಳುವ ಪ್ರತಿ ಉಸಿರಿನಲ್ಲೂ ನೂರಕ್ಕೆ ಸುಮಾರು ಒಂದು ಪಾಲು ಆರ್ಗಾನ್ ಇರುತ್ತದೆ. ಒಣಗಾಳಿಯ ಲೆಕ್ಕದಲ್ಲಿ ಶೇಕಡಾ 0.93. ಅದು ದೇಹದೊಳಗೆ ಹೋಗಿ ಏನೂ ಮಾಡುವುದಿಲ್ಲ, ಹೋದ ಹಾಗೆಯೇ ಹೊರಗೆ ಬರುತ್ತದೆ. ಯಾವ ಗಿಡಕ್ಕೂ ಅದು ಬೇಕಿಲ್ಲ, ಯಾವ ಬೆಂಕಿಗೂ ಅದು ಒದಗುವುದಿಲ್ಲ, ಯಾವ ಕಲ್ಲಿನ ಜೊತೆಗೂ ಅದು ಕೂಡಿಕೊಳ್ಳುವುದಿಲ್ಲ. ಗಾಳಿಯ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಆಮ್ಲಜನಕದಿಂದ ಶುರುಮಾಡುತ್ತಾರೆ. ನಾನು ಆರ್ಗಾನ್‌ನಿಂದ ಶುರುಮಾಡುತ್ತಿದ್ದೇನೆ. ಈ ಗಾಳಿ ಎಲ್ಲಿಂದ ಬಂತು ಎಂದು ಕೇಳಿದರೆ ಅತ್ಯಂತ ನೇರವಾಗಿ ಸಾಕ್ಷಿ ಹೇಳುವುದು ಅದೇ.

1785ರಲ್ಲಿ ಇಂಗ್ಲೆಂಡಿನ ಹೆನ್ರಿ ಕ್ಯಾವೆಂಡಿಷ್ ಗಾಜಿನ ನಳಿಕೆಯಲ್ಲಿ ಗಾಳಿ ತುಂಬಿ, ಅದಕ್ಕೆ ಇನ್ನಷ್ಟು ಆಮ್ಲಜನಕ ಸೇರಿಸಿ, ವಿದ್ಯುತ್ ಕಿಡಿ ಹಾಯಿಸುತ್ತ ಹೋದರು. ಕಿಡಿಯ ಶಾಖಕ್ಕೆ ಸಾರಜನಕವು ಆಮ್ಲಜನಕದ ಜೊತೆ ಕೂಡುತ್ತದೆ, ಹಾಗೆ ಹುಟ್ಟಿದ್ದನ್ನು ಕ್ಷಾರದ ದ್ರಾವಣ ಹೀರಿಕೊಳ್ಳುತ್ತದೆ. ಸಾರಜನಕವೆಲ್ಲ ಮುಗಿದ ಮೇಲೆ ಮಿಕ್ಕ ಆಮ್ಲಜನಕವನ್ನೂ ತೆಗೆದರೆ ನಳಿಕೆ ಖಾಲಿಯಾಗಬೇಕಿತ್ತು. ಆದರೆ ಒಂದು ಪುಟ್ಟ ಗುಳ್ಳೆ ಉಳಿಯಿತು. ಮೊದಲಿದ್ದ ಸಾರಜನಕದ 120ರಲ್ಲಿ ಒಂದು ಪಾಲಿಗಿಂತ ಅದು ಹೆಚ್ಚಿಲ್ಲ ಎಂದು ಅವರು ಬರೆದಿಟ್ಟರು. ಮುಂದೆ ನೂರು ವರ್ಷ ಯಾರೂ ಆ ಗುಳ್ಳೆಯ ಬೆನ್ನು ಹತ್ತಲಿಲ್ಲ. 1890ರ ದಶಕದಲ್ಲಿ ಲಾರ್ಡ್ ರ‍್ಯಾಲೀ ಸಾರಜನಕವನ್ನು ತೂಗುತ್ತಿದ್ದಾಗ, ಗಾಳಿಯಿಂದ ಬೇರ್ಪಡಿಸಿದ ಸಾರಜನಕವು ರಾಸಾಯನಿಕಗಳಿಂದ ತಯಾರಿಸಿದ ಸಾರಜನಕಕ್ಕಿಂತ ಶೇಕಡಾ ಅರ್ಧದಷ್ಟು ಹೆಚ್ಚು ತೂಗಿತು. ಒಂದೇ ಅನಿಲಕ್ಕೆ ಎರಡು ತೂಕ ಹೇಗೆ? ವಿಲಿಯಂ ರ‍್ಯಾಮ್ಸೇ ಜೊತೆಗೂಡಿ 1894ರಲ್ಲಿ ಅವರು ಉತ್ತರ ಕೊಟ್ಟರು. ಗಾಳಿಯ ಸಾರಜನಕದಲ್ಲಿ ಇನ್ನೊಂದು ಅನಿಲ ಅಡಗಿತ್ತು, ಕ್ಯಾವೆಂಡಿಷ್ ಕಂಡ ಗುಳ್ಳೆ ಅದೇ. 1904ರಲ್ಲಿ ಒಬ್ಬರಿಗೆ ಭೌತಶಾಸ್ತ್ರದ, ಇನ್ನೊಬ್ಬರಿಗೆ ರಸಾಯನಶಾಸ್ತ್ರದ ನೊಬೆಲ್ ಬಂತು.

ನನಗೆ ಇದಕ್ಕಿಂತ ದೊಡ್ಡದಾಗಿ ಕಾಣುವುದು ಇದರ ಮುಂದಿನ ಭಾಗ. ಆರ್ಗಾನ್ ಪರಮಾಣುಗಳಲ್ಲಿ ತೂಕದ ಪ್ರಕಾರ 36, 38, 40 ಎಂಬ ಮೂರು ಬಗೆಗಳಿವೆ. ಒಂದೇ ಧಾತುವಿನ ಇಂಥ ಬಗೆಗಳಿಗೆ ಐಸೋಟೋಪ್ ಎನ್ನುತ್ತಾರೆ. ಸೂರ್ಯನಲ್ಲಿರುವುದು ಹೆಚ್ಚುಪಾಲು 36. ನಮ್ಮ ಗಾಳಿಯಲ್ಲಿರುವ ಆರ್ಗಾನ್‌ನಲ್ಲಾದರೋ ಶೇಕಡಾ 99.6ರಷ್ಟು 40. ಸೂರ್ಯನ ಸುತ್ತಲಿನ ಮೂಲ ಅನಿಲವೇ ಇಲ್ಲಿ ಉಳಿದಿದ್ದರೆ ಹೀಗಾಗಲು ಸಾಧ್ಯವಿಲ್ಲ. 1937ರಲ್ಲಿ ಕಾರ್ಲ್ ಫ್ರೀಡ್ರಿಷ್ ಫಾನ್ ವೈಟ್ಸೆಕರ್ ಇದಕ್ಕೊಂದು ಕಾರಣ ಸೂಚಿಸಿದರು. ಕಲ್ಲುಗಳಲ್ಲಿರುವ ಪೊಟ್ಯಾಸಿಯಂನಲ್ಲಿ ಒಂದು ಸಣ್ಣ ಪಾಲು ವಿಕಿರಣಶೀಲ, ಅದು ಕ್ಷಯಿಸಿದಾಗ ಒಂದಿಷ್ಟು ಭಾಗ ಆರ್ಗಾನ್-40 ಆಗುತ್ತದೆ. ಅದರ ಅರ್ಧಾಯುಷ್ಯ, ಎಂದರೆ ಇದ್ದದ್ದರಲ್ಲಿ ಅರ್ಧ ಕ್ಷಯಿಸಲು ಹಿಡಿಯುವ ಕಾಲ, ಸುಮಾರು 125 ಕೋಟಿ ವರ್ಷ. ಕಲ್ಲಿನ ಹರಳುಗಳೊಳಗೆ ಒಂದೊಂದೇ ಪರಮಾಣುವಾಗಿ ಹುಟ್ಟಿ, ಕಲ್ಲು ಕರಗಿದಾಗ, ಬಿರಿದಾಗ, ಸವೆದಾಗ ಹೊರಬಿದ್ದದ್ದು ಇಂದಿನ ಆರ್ಗಾನ್. ಅದರ ಒಟ್ಟು ತೂಕ ಸುಮಾರು 66 ಲಕ್ಷ ಕೋಟಿ ಟನ್. ಹೆಚ್ಚುಕಡಿಮೆ ಅಷ್ಟೂ ಒಂದು ಕಾಲಕ್ಕೆ ಕಲ್ಲಿನೊಳಗಿನ ಪೊಟ್ಯಾಸಿಯಂ ಆಗಿತ್ತು. ಯುರೇನಿಯಂ, ಥೋರಿಯಂಗಳಿಂದ ಹೀಗೆಯೇ ಹೀಲಿಯಂ ಕೂಡ ಹುಟ್ಟುತ್ತಲೇ ಇದೆ. ಆದರೆ ಅದು ತೀರ ಹಗುರ, ಮೇಲಕ್ಕೇರಿ ಬಾಹ್ಯಾಕಾಶಕ್ಕೆ ಸೋರಿಹೋಗುತ್ತದೆ, ಹಾಗಾಗಿ ಗಾಳಿಯಲ್ಲಿ ದಶಲಕ್ಷಕ್ಕೆ ಐದರಷ್ಟು ಮಾತ್ರ ಉಳಿದಿದೆ. ಆರ್ಗಾನ್ ಭಾರ, ಹೋಗಲು ದಾರಿಯಿಲ್ಲ. ಬಂದದ್ದು ಬಂದಂತೆ ಕೂಡಿಟ್ಟುಕೊಂಡೇ ಇದೆ.

ಗಾಳಿ ಭೂಮಿಗೆ ಯಾರೋ ಹೊದಿಸಿದ ಹೊದಿಕೆ ಎಂಬ ಚಿತ್ರ ನಮ್ಮ ಮನಸ್ಸಿನಲ್ಲಿ ಬಲವಾಗಿದೆ. ಕೆಳಗೆ ನೆಲ, ಮೇಲೆ ಗಾಳಿ, ಎರಡೂ ಬೇರೆಬೇರೆ. ಈ ಚಿತ್ರ ನನಗೆ ಈಗ ಒಗ್ಗುವುದಿಲ್ಲ. ಗಾಳಿಯಲ್ಲಿ ಇರುವ ಪ್ರತಿಯೊಂದಕ್ಕೂ, ಗಾಳಿಯಲ್ಲಿ ಇಲ್ಲದ ಎಷ್ಟೋ ವಸ್ತುಗಳಿಗೂ ಕಲ್ಲಿನೊಳಗೆ ಒಂದು ಕಥೆಯಿದೆ. ಗಾಳಿ ಒಂದು ಜಮಾ-ಖರ್ಚಿನ ಪುಸ್ತಕ, ಅದರ ಒಂದು ಪುಟ ಮೇಲಿದ್ದರೆ ಇನ್ನೊಂದು ಪುಟ ಯಾವಾಗಲೂ ನೆಲದೊಳಗಿರುತ್ತದೆ.

ಇಲ್ಲದ್ದರ ಸಾಕ್ಷಿ ನಿಯಾನ್‌ನಿಂದ ಶುರುವಾಗುತ್ತದೆ. ಸೂರ್ಯನಲ್ಲಿ ನಿಯಾನ್ ಮತ್ತು ಸಾರಜನಕ ಹೆಚ್ಚುಕಡಿಮೆ ಸರಿಸಮ. ಭೂಮಿಯ ಗಾಳಿಯಲ್ಲಿ ದಶಲಕ್ಷ ಕಣಗಳಲ್ಲಿ ಏಳು ಲಕ್ಷ ಎಂಬತ್ತು ಸಾವಿರ ಸಾರಜನಕ, ನಿಯಾನ್ ಬರೀ ಹದಿನೆಂಟು. ನಿಯಾನ್ ಯಾವುದರ ಜೊತೆಗೂ ಕೂಡುವುದಿಲ್ಲ, ಆದ್ದರಿಂದ ಕಲ್ಲಿನಲ್ಲಿ ಬಚ್ಚಿಟ್ಟುಕೊಳ್ಳಲಾರದು. ಅದರ ಪರಮಾಣು ನೀರಿನ ಅಣುವಿಗಿಂತ ಭಾರ. ಅಷ್ಟು ನಿಯಾನ್ ತಪ್ಪಿಸಿಕೊಂಡು ಹೋಗುವಂಥ ಪರಿಸ್ಥಿತಿಯಿದ್ದಿದ್ದರೆ, ಆಗ ಅನಿಲರೂಪದಲ್ಲಿದ್ದ ಸಾರಜನಕವೂ ನೀರಾವಿಯೂ ಉಳಿಯುತ್ತಿರಲಿಲ್ಲ. 1949ರಲ್ಲಿ ಹ್ಯಾರಿಸನ್ ಬ್ರೌನ್ ಮತ್ತು ಹಾನ್ಸ್ ಸ್ಯೂಸ್ ಇಬ್ಬರೂ ಈ ಕೊರತೆಯಿಂದ ಒಂದೇ ತೀರ್ಮಾನಕ್ಕೆ ಬಂದರು. ಸೂರ್ಯನ ಸುತ್ತಲಿನ ಮೋಡದಿಂದ ಭೂಮಿ ಸೆಳೆದುಕೊಂಡಿರಬಹುದಾದ ಮೊದಲ ಗಾಳಿ ಇವತ್ತಿನದಲ್ಲ. ಅದು ಇದ್ದಿದ್ದರೂ ಕಳೆದುಹೋಗಿದೆ. ಈಗಿರುವುದು ಆಮೇಲೆ ಬಂದದ್ದು. 1951ರಲ್ಲಿ ವಿಲಿಯಂ ರೂಬಿ ಎಂಬ ಭೂವಿಜ್ಞಾನಿ ಸಮುದ್ರದ ನೀರು, ಗಾಳಿಯ ಸಾರಜನಕ, ಸುಣ್ಣಕಲ್ಲಿನ ಇಂಗಾಲ ಇವೆಲ್ಲದರ ಒಟ್ಟು ಲೆಕ್ಕ ಹಾಕಿ, ನೆಲದ ಮೇಲ್ಮೈ ಕಲ್ಲು ಸವೆದದ್ದರಿಂದ ಇಷ್ಟು ಬರಲಾರದು, ಇವು ಭೂಮಿಯ ಒಡಲಿನಿಂದಲೇ ಉಗುಳಲ್ಪಟ್ಟಿರಬೇಕು ಎಂದು ವಾದಿಸಿದರು. ಆ ಒಡಲಿಗೆ ಅವೆಲ್ಲ ಸೇರಿದ್ದು ಗ್ರಹ ಕಟ್ಟಿಕೊಳ್ಳುವಾಗ ಬಂದಪ್ಪಳಿಸಿದ ಕಲ್ಲುಗಳ ಮೂಲಕ. ಇಂಗಾಲ ಹೆಚ್ಚಿರುವ ಕೆಲವು ಬಗೆಯ ಉಲ್ಕಾಶಿಲೆಗಳಲ್ಲಿ ಇವತ್ತಿಗೂ ನೀರು ಖನಿಜದೊಳಗೆ ಬಂಧಿಯಾಗಿ ಸಿಗುತ್ತದೆ.

ಆ ಆರಂಭ ಭೀಕರವಾಗಿತ್ತು. ಸುಮಾರು 450 ಕೋಟಿ ವರ್ಷಗಳ ಹಿಂದೆ ಮಂಗಳದಷ್ಟು ದೊಡ್ಡ ಕಾಯವೊಂದು ಎಳೆಯ ಭೂಮಿಗೆ ಡಿಕ್ಕಿ ಹೊಡೆದು, ಸಿಡಿದದ್ದರಿಂದ ಚಂದ್ರ ರೂಪುಗೊಂಡ ಎಂಬುದು ಇಂದು ಹೆಚ್ಚಿನವರು ಒಪ್ಪುವ ವಿವರಣೆ. ನೆಲವೆಂಬುದೇ ಇಲ್ಲದೆ ಎಲ್ಲವೂ ಕರಗಿದ ಕಲ್ಲಿನ ಸಾಗರ. ಅದು ಆರುತ್ತ ಬಂದಂತೆ ನೀರಾವಿ, ಇಂಗಾಲದ ಡೈಆಕ್ಸೈಡ್, ಸಾರಜನಕ ಹೊರಬಂದು ದಟ್ಟವಾಗಿ ಕವಿದವು. ಆಮೇಲೆ ನೀರಾವಿ ತಣಿದು ಮಳೆಯಾಯಿತು. ಪಶ್ಚಿಮ ಆಸ್ಟ್ರೇಲಿಯದ ಜ್ಯಾಕ್ ಹಿಲ್ಸ್‌ನಲ್ಲಿ ಸಿಕ್ಕ ಜಿರ್ಕಾನ್ ಹರಳುಗಳಲ್ಲಿ ಅತಿ ಹಳೆಯದಕ್ಕೆ 440 ಕೋಟಿ ವರ್ಷ. ಅಲ್ಲಿನ ಹಳೆಯ ಹರಳುಗಳೊಳಗಿನ ಆಮ್ಲಜನಕ ಐಸೋಟೋಪ್‌ಗಳ ಪ್ರಮಾಣ ನೋಡಿದರೆ, ದ್ರವರೂಪದ ನೀರಿನೊಂದಿಗೆ ಒಡನಾಡಿದ ಕಲ್ಲು ಮತ್ತೆ ಕರಗಿ ಅವು ಹುಟ್ಟಿದಂತಿದೆ. ಅಷ್ಟು ಬೇಗ ಭೂಮಿಯ ಮೇಲೆ ನೀರು ನಿಂತಿತ್ತು.

ನೀರು ನಿಂತದ್ದೇ ನಮ್ಮ ಗಾಳಿಯ ಹಣೆಬರಹ ಬದಲಿಸಿತು. ಶುಕ್ರಗ್ರಹವನ್ನು ನೋಡಿ. ಗಾತ್ರದಲ್ಲಿ ಭೂಮಿಯ ಅವಳಿ. ಅಲ್ಲಿನ ಗಾಳಿಯ ಶೇಕಡಾ 96.5 ಇಂಗಾಲದ ಡೈಆಕ್ಸೈಡ್, ಒತ್ತಡ ನಮ್ಮದರ ತೊಂಬತ್ತು ಪಟ್ಟಿಗೂ ಹೆಚ್ಚು, ನೆಲದ ಉಷ್ಣತೆ ಸುಮಾರು 460 ಡಿಗ್ರಿ ಸೆಲ್ಸಿಯಸ್. ನಮ್ಮಲ್ಲಿ ಅದೇ ಅನಿಲ ಶೇಕಡಾ 0.04ರ ಆಸುಪಾಸು. ಹಾಗಾದರೆ ಭೂಮಿಗೆ ಇಂಗಾಲ ಕಡಿಮೆ ಸಿಕ್ಕಿತೇ? ಇಲ್ಲ. ಭೂಮಿಯ ಸುಣ್ಣಕಲ್ಲು, ಡಾಲೊಮೈಟ್, ಅಮೃತಶಿಲೆ ಎಲ್ಲವನ್ನೂ ಸುಟ್ಟು ಅದರೊಳಗಿನ ಇಂಗಾಲದ ಡೈಆಕ್ಸೈಡ್ ಹೊರಬಿಟ್ಟರೆ, ಶುಕ್ರನದಕ್ಕೆ ಹೋಲಿಸಬಹುದಾದಷ್ಟು ದಟ್ಟ ಗಾಳಿಯೇ ಇಲ್ಲೂ ಕವಿಯುತ್ತದೆ. ಸುಣ್ಣಕಲ್ಲಿನ ಬೆಟ್ಟ ಎಂದರೆ ಒಂದು ಕಾಲದ ಗಾಳಿ. ಮಳೆಹನಿ ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ಕರಗಿಸಿಕೊಂಡು ಸೌಮ್ಯ ಆಮ್ಲವಾಗಿ ಕಲ್ಲಿನ ಮೇಲೆ ಬೀಳುತ್ತದೆ, ಕಲ್ಲಿನ ಕ್ಯಾಲ್ಸಿಯಂ ಬಿಡಿಸಿ ನದಿಗೆ, ನದಿ ಸಮುದ್ರಕ್ಕೆ ಒಯ್ಯುತ್ತದೆ, ಅಲ್ಲಿ ಎರಡೂ ಸೇರಿ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ತಳಕ್ಕಿಳಿಯುತ್ತದೆ. ಚಿಪ್ಪು ಕಟ್ಟುವ ಜೀವಿಗಳು ಬಂದ ಮೇಲೆ ಈ ಕೆಲಸ ಹೆಚ್ಚಾಗಿ ಅವುಗಳದ್ದಾಯಿತು.

ಇಲ್ಲಿಗೇ ನಿಂತಿದ್ದರೆ ಗಾಳಿಯಲ್ಲಿನ ಇಂಗಾಲವೆಲ್ಲ ಕಲ್ಲಾಗಿ ಭೂಮಿ ಹೆಪ್ಪುಗಟ್ಟುತ್ತಿತ್ತು. ಹಾಗಾಗದಂತೆ ತಡೆಯುವುದು ಭೂಫಲಕಗಳ ಚಲನೆ. ಸಮುದ್ರತಳ ಖಂಡದ ಅಡಿಗೆ ಜಾರಿ ಕಾದಾಗ ಇಂಗಾಲ ಮತ್ತೆ ಜ್ವಾಲಾಮುಖಿಗಳಿಂದ ಹೊರಬರುತ್ತದೆ. 1981ರಲ್ಲಿ ಜೇಮ್ಸ್ ವಾಕರ್, ಪಾಲ್ ಹೇಸ್, ಜೇಮ್ಸ್ ಕ್ಯಾಸ್ಟಿಂಗ್ ಇದರೊಳಗಿನ ಸ್ವಯಂನಿಯಂತ್ರಣವನ್ನು ತೋರಿಸಿಕೊಟ್ಟರು. ಭೂಮಿ ಬಿಸಿಯಾದರೆ ಮಳೆ ಹೆಚ್ಚು, ಕಲ್ಲು ಸವೆಯುವುದು ಹೆಚ್ಚು, ಇಂಗಾಲದ ಡೈಆಕ್ಸೈಡ್ ಇಳಿಯುತ್ತದೆ. ತಣ್ಣಗಾದರೆ ಸವೆತ ನಿಧಾನವಾಗಿ, ಜ್ವಾಲಾಮುಖಿ ಕೊಟ್ಟದ್ದು ಗಾಳಿಯಲ್ಲಿ ಕೂಡಿಕೊಳ್ಳುತ್ತ ಹೋಗುತ್ತದೆ. ಹುಟ್ಟಿದಾಗ ಸೂರ್ಯ ಇಂದಿಗಿಂತ ಶೇಕಡಾ 30ರಷ್ಟು ಮಂಕಾಗಿದ್ದ. ಆದರೂ ಆಗಿನ ಸಮುದ್ರ ಯಾಕೆ ಹೆಪ್ಪುಗಟ್ಟಲಿಲ್ಲ ಎಂದು 1972ರಲ್ಲಿ ಕಾರ್ಲ್ ಸೇಗನ್ ಮತ್ತು ಜಾರ್ಜ್ ಮಲ್ಲೆನ್ ಎತ್ತಿದ ಪ್ರಶ್ನೆಗೆ ಉತ್ತರದ ಬಹುಪಾಲು ಇದರಲ್ಲಿದೆ. ಮಂಕು ಸೂರ್ಯನಿಗೆ ದಟ್ಟ ಇಂಗಾಲ, ಜೊತೆಗೆ ಮೀಥೇನ್. ಸೂರ್ಯ ಪ್ರಖರವಾಗುತ್ತ ಬಂದಂತೆ ಕಲ್ಲು ಇಂಗಾಲವನ್ನು ಹೆಚ್ಚು ಹೆಚ್ಚು ನುಂಗುತ್ತ ಬಂತು. ಈ ನಿಯಂತ್ರಣ ಕೆಲಸ ಮಾಡಲು ಲಕ್ಷಾಂತರ ವರ್ಷ ಹಿಡಿಯುತ್ತದೆ ಎನ್ನುವುದನ್ನು ಮಾತ್ರ ನೆನಪಿಟ್ಟುಕೊಳ್ಳಬೇಕು. ನಮ್ಮ ಅವಸರಕ್ಕೆ ಅದು ಒದಗುವುದಿಲ್ಲ.

ಅಷ್ಟು ಹಿಂದಿನ ಗಾಳಿ ಎಷ್ಟು ದಟ್ಟವಾಗಿತ್ತು ಎಂದು ಅಳೆಯಲು ಸಾಧ್ಯವೇ? ಸಾಧ್ಯ ಎಂದು ತೋರಿಸಿದ ಒಂದು ಕೆಲಸ ನನಗೆ ತುಂಬ ಪ್ರಿಯ. ದಕ್ಷಿಣ ಆಫ್ರಿಕದಲ್ಲಿ 270 ಕೋಟಿ ವರ್ಷ ಹಳೆಯ ಜ್ವಾಲಾಮುಖಿ ಬೂದಿಯ ಪದರವೊಂದಿದೆ. ಬೂದಿ ಇನ್ನೂ ಮೆತ್ತಗಿದ್ದಾಗ ಮಳೆ ಬಂದು ಹನಿಗಳ ಗುಳಿ ಬಿದ್ದು, ಮೇಲೆ ಮತ್ತೊಂದು ಪದರ ಬೂದಿ ಮುಚ್ಚಿ ಎಲ್ಲವೂ ಕಲ್ಲಾಗಿದೆ. ಹನಿ ಎಷ್ಟು ವೇಗದಲ್ಲಿ ನೆಲ ಮುಟ್ಟುತ್ತದೆ ಎಂಬುದು ಗಾಳಿಯ ದಟ್ಟಣೆಯನ್ನು ಅವಲಂಬಿಸಿದೆ. ದಟ್ಟ ಗಾಳಿಯಲ್ಲಿ ಹನಿ ನಿಧಾನಕ್ಕೆ ಇಳಿಯುತ್ತದೆ, ಗುಳಿ ಸಣ್ಣದಾಗುತ್ತದೆ. ಆದರೆ ಹನಿಯ ಗರಿಷ್ಠ ಗಾತ್ರಕ್ಕೆ ಗಾಳಿಯ ದಟ್ಟಣೆಯ ಹಂಗಿಲ್ಲ. ಸುಮಾರು 7 ಮಿಲಿಮೀಟರ್ ದಾಟಿದರೆ ಅದು ಬೀಳುತ್ತಲೇ ಒಡೆದುಹೋಗುತ್ತದೆ. ಸಂಜಯ್ ಸೋಮ್ ಮತ್ತು ಸಂಗಡಿಗರು ಆ ಗುಳಿಗಳ ಅಚ್ಚು ತೆಗೆದು ಅಳೆದು, ಇಂದಿನ ಜ್ವಾಲಾಮುಖಿ ಬೂದಿಯ ಮೇಲೆ ಎತ್ತರದಿಂದ ನೀರಹನಿ ಬೀಳಿಸಿ ಹೋಲಿಸಿದರು. ಆಗಿನ ಗಾಳಿಯ ಸಾಂದ್ರತೆ ಇಂದಿನ ಎರಡು ಪಟ್ಟಿಗಿಂತ ಹೆಚ್ಚಿರಲು ಸಾಧ್ಯವಿಲ್ಲ ಎಂದು 2012ರಲ್ಲಿ ಪ್ರಕಟಿಸಿದರು. ಕಲ್ಲಾದ ಮಳೆಗುಳಿಗಳಿಂದ ಹಳೆಯ ಗಾಳಿಯನ್ನು ತಿಳಿಯಬಹುದೆಂಬ ಆಲೋಚನೆಯನ್ನು ಭೂವಿಜ್ಞಾನಿ ಚಾರ್ಲ್ಸ್ ಲಯೆಲ್ 1851ರಲ್ಲೇ ಮುಂದಿಟ್ಟಿದ್ದರು. ಅದು ಅಳತೆಯಾಗಿ ಕೈಗೆ ಬರಲು 160 ವರ್ಷ ಬೇಕಾಯಿತು.

2016ರಲ್ಲಿ ಅದೇ ತಂಡ ಇನ್ನೊಂದು ದಾರಿ ಹಿಡಿಯಿತು. ಆಸ್ಟ್ರೇಲಿಯದ ಪಿಲ್ಬಾರದಲ್ಲಿ, ಅದೇ ಕಾಲದಲ್ಲಿ ಸಮುದ್ರಮಟ್ಟದಲ್ಲಿ ಹರಿದ ಲಾವಾ ಗಟ್ಟಿಯಾಗುವಾಗ ಅದರೊಳಗೆ ಅನಿಲದ ಗುಳ್ಳೆಗಳು ಸಿಕ್ಕಿಕೊಂಡಿದ್ದವು. ಲಾವಾ ಪದರದ ಮೇಲ್ಭಾಗದ ಗುಳ್ಳೆಯನ್ನು ಗಾಳಿಯ ಒತ್ತಡವೊಂದೇ ಅದುಮುತ್ತದೆ, ತಳದ ಗುಳ್ಳೆಯನ್ನು ಗಾಳಿಯ ಜೊತೆಗೆ ಲಾವಾದ ಭಾರವೂ ಅದುಮುತ್ತದೆ. ಎರಡು ಗಾತ್ರಗಳ ವ್ಯತ್ಯಾಸದಿಂದ ಗಾಳಿಯ ಒತ್ತಡ ಎಷ್ಟಿತ್ತೆಂದು ಲೆಕ್ಕ ಹಾಕಬಹುದು. ಅದು ಇಂದಿನ ಅರ್ಧಕ್ಕಿಂತಲೂ ಕಡಿಮೆ ಎಂಬ ಉತ್ತರ ಬಂತು. ನಾವು ಸದಾ ಸ್ಥಿರವೆಂದು ನಂಬಿದ್ದ ಸಾರಜನಕ ಕೂಡ ಕಾಲಕಾಲಕ್ಕೆ ನೆಲದೊಳಕ್ಕೆ ಹೋಗಿ ಬಂದಿದೆ ಎಂದಾಯಿತು. ಸಾರಜನಕದ ಅಣುವಿನಲ್ಲಿ ಎರಡು ಪರಮಾಣುಗಳು ಮೂರು ಬಂಧಗಳಿಂದ ಬಿಗಿದುಕೊಂಡಿವೆ, ಸುಲಭಕ್ಕೆ ಬಿಡಿಸಲಾಗದು. ಆದರೂ ಕೆಲವು ಬ್ಯಾಕ್ಟೀರಿಯಾಗಳು ಬಿಡಿಸುತ್ತವೆ, ಅವುಗಳ ದೇಹದ ಸಾರಜನಕ ಕೆಸರಿಗೆ, ಕೆಸರಿನಿಂದ ಜೇಡಿಮಣ್ಣಿನ ಖನಿಜಗಳಿಗೆ, ಅಲ್ಲಿಂದ ಭೂಗರ್ಭಕ್ಕೆ ಹೋಗುತ್ತದೆ. ಬೇರೆ ಬಗೆಯ ಬ್ಯಾಕ್ಟೀರಿಯಾಗಳು ಅದನ್ನು ಮತ್ತೆ ಅನಿಲವಾಗಿಸಿ ಗಾಳಿಗೆ ಬಿಡುತ್ತವೆ. ಗಾಳಿಯ ಶೇಕಡಾ 78ರಷ್ಟಿರುವ ಈ ಅನಿಲವನ್ನು ನಾವು ಬರೀ ಹಿನ್ನೆಲೆಯೆಂದು ಬಗೆಯುವುದು ಅನ್ಯಾಯ.

ಇನ್ನು ಆಮ್ಲಜನಕ. ಇದರ ಬಗ್ಗೆ ಶಾಲೆಯಿಂದಲೂ ಕೇಳಿಬಂದ ಮಾತು, ಗಿಡಮರಗಳು ಆಮ್ಲಜನಕ ಕೊಡುತ್ತವೆ, ಅದಕ್ಕೇ ನಾವು ಬದುಕಿದ್ದೇವೆ ಎಂಬುದು. ಮಾತು ಸುಳ್ಳಲ್ಲ, ಆದರೆ ಅರ್ಧ. ಮರ ಬೆಳೆಯುವಾಗ ಆಮ್ಲಜನಕ ಹೊರಬಿಡುತ್ತದೆ, ನಿಜ. ರಾತ್ರಿ ಉಸಿರಾಡುವಾಗ ಒಂದು ಪಾಲು ಹಿಂದಕ್ಕೆ ಪಡೆಯುತ್ತದೆ. ಎಲೆ ಉದುರಿ ಕೊಳೆಯುವಾಗ, ಹುಳು ತಿನ್ನುವಾಗ, ಕೊನೆಗೆ ಮರವೇ ಬಿದ್ದು ಮಣ್ಣಾಗುವಾಗ ಉಳಿದ ಆಮ್ಲಜನಕವೂ ಖರ್ಚಾಗಿಬಿಡುತ್ತದೆ. ಬಲಿತ ಕಾಡೊಂದು ವರ್ಷಕ್ಕೆ ಎಷ್ಟು ಕೊಡುತ್ತದೋ ಬಹುತೇಕ ಅಷ್ಟನ್ನೇ ತೆಗೆದುಕೊಳ್ಳುತ್ತದೆ. ಅಮೆಜಾನ್ ಕಾಡು ಭೂಮಿಯ ಶ್ವಾಸಕೋಶ ಎಂಬ ಹೋಲಿಕೆ ಇಲ್ಲಿ ಸೋಲುತ್ತದೆ. ಆ ಕಾಡನ್ನು ಉಳಿಸಲು ಮಳೆ, ಜೀವಿಗಳು, ಇಂಗಾಲ ಎಂಬ ಬಲವಾದ ಕಾರಣಗಳು ಸಾಕಷ್ಟಿವೆ. ತಪ್ಪು ಕಾರಣ ಹೇಳಿ ಒಳ್ಳೆಯ ಕೆಲಸ ಮಾಡಿಸಬೇಕಿಲ್ಲ.

ಹಾಗಾದರೆ ಗಾಳಿಯಲ್ಲಿ ಶೇಕಡಾ 20.95 ಆಮ್ಲಜನಕ ಹೇಗೆ ಉಳಿಯಿತು? ಕೊಳೆಯದೇ ಉಳಿದ ಅಷ್ಟಿಷ್ಟರಿಂದ. ಪಾಚಿ, ಎಲೆ, ನೀರಿನಲ್ಲಿ ತೇಲುವ ಪುಟ್ಟ ಪ್ಲವಕಜೀವಿಗಳು ಕಟ್ಟಿದ ಇಂಗಾಲದಲ್ಲಿ ಸಾವಿರಕ್ಕೆ ಒಂದರಷ್ಟು ಮಾತ್ರ ಯಾರ ಬಾಯಿಗೂ ಸಿಗದೆ ನದೀಮುಖಗಳ, ಕಡಲಂಚಿನ ಕೆಸರಿನಲ್ಲಿ ಹೂತುಹೋಗುತ್ತದೆ. ಹಾಗೆ ಹೂತ ಪ್ರತಿ ಇಂಗಾಲದ ಪರಮಾಣುವಿಗೆ ಒಂದು ಆಮ್ಲಜನಕದ ಅಣು ಮೇಲೆ ಉಳಿಯುತ್ತದೆ, ತನ್ನ ಜೋಡಿಯನ್ನು ಕಳೆದುಕೊಂಡು. ಗಂಧಕವು ಕಬ್ಬಿಣದ ಜೊತೆ ಸೇರಿ ಪೈರೈಟ್ ಆಗಿ ಹೂತಾಗಲೂ ಆಮ್ಲಜನಕಕ್ಕೆ ಹೀಗೇ ಲಾಭ. ಹೂತ ಇಂಗಾಲದಲ್ಲಿ ಕಲ್ಲಿದ್ದಲು, ತೈಲಗಳ ಪಾಲು ತೀರ ಚಿಕ್ಕದು. ಹೆಚ್ಚಿನದು ಜೇಡಿಕಲ್ಲುಗಳಲ್ಲಿ ತೆಳ್ಳಗೆ ಹರಡಿಕೊಂಡಿರುವ, ಯಾರಿಗೂ ಉಪಯೋಗವಿಲ್ಲದ ಕಪ್ಪು. ಆ ಒಟ್ಟು ಇಂಗಾಲವನ್ನು ಲೆಕ್ಕ ಹಾಕಿದರೆ ಇಂದಿನ ಗಾಳಿಯಲ್ಲಿರುವುದರ ಹತ್ತಾರು ಪಟ್ಟು ಆಮ್ಲಜನಕ ಬಿಡುಗಡೆಯಾಗಿರಬೇಕು. ಉಳಿದದ್ದೆಲ್ಲ ಎಲ್ಲಿ ಹೋಯಿತು ಎಂದರೆ ಕಬ್ಬಿಣದ ತುಕ್ಕಿನಲ್ಲಿ, ಸಮುದ್ರದ ಸಲ್ಫೇಟ್‌ನಲ್ಲಿ, ಜ್ವಾಲಾಮುಖಿ ಅನಿಲಗಳನ್ನು ಸುಟ್ಟು ತೀರಿಸುವುದರಲ್ಲಿ. ನಾವು ಉಸಿರಾಡುವುದು ಎಲ್ಲ ಸಾಲ ತೀರಿದ ಮೇಲೆ ಮಿಕ್ಕಿದ್ದನ್ನು. ಮತ್ತು ಅದು ಸದಾಕಾಲಕ್ಕೂ ಮಿಕ್ಕಿದ್ದಲ್ಲ. ಹೊಸದಾಗಿ ಹೂಳುವುದು ನಿಂತರೆ ಸವೆಯುವ ಕಲ್ಲುಗಳೇ ಕೆಲವು ದಶಲಕ್ಷ ವರ್ಷಗಳಲ್ಲಿ ಅಷ್ಟೂ ಆಮ್ಲಜನಕವನ್ನು ಹೀರಿ ಮುಗಿಸುತ್ತವೆ.

ಈ ಮಿಗುವಿಕೆ ಶುರುವಾದದ್ದು ಯಾವಾಗ ಎಂಬುದಕ್ಕೂ ಕಲ್ಲೇ ಸಾಕ್ಷಿ. ದಕ್ಷಿಣ ಆಫ್ರಿಕದ ವಿಟ್‌ವಾಟರ್ಸ್‌ರ‍್ಯಾಂಡ್ ಚಿನ್ನದ ಗಣಿಗಳಲ್ಲಿ ಹಳೆಯ ನದಿಗಳ ಜಲ್ಲಿ ಕಲ್ಲಾಗಿ ಸಿಗುತ್ತದೆ. ಅದರಲ್ಲಿ ಪೈರೈಟ್ ಮತ್ತು ಯುರೇನಿನೈಟ್ ಎಂಬ ಯುರೇನಿಯಂ ಖನಿಜದ ಕಣಗಳು ನದಿಯಲ್ಲಿ ಉರುಳಿ ದುಂಡಗಾಗಿವೆ. ಇಂದಿನ ನದಿಯಲ್ಲಿ ಇವು ದುಂಡಗಾಗುವಷ್ಟು ಕಾಲ ಉಳಿಯುವುದು ತೀರ ಅಪರೂಪ, ಆಮ್ಲಜನಕ ತಾಗಿ ಕರಗಿಹೋಗುತ್ತವೆ. ಇನ್ನೂ ಸೂಕ್ಷ್ಮವಾದ ಸಾಕ್ಷಿ 2000ದಲ್ಲಿ ಸಿಕ್ಕಿತು. ಓಝೋನ್ ಇಲ್ಲದ ಗಾಳಿಯಲ್ಲಿ ಅತಿನೇರಳೆ ಕಿರಣಗಳು ಗಂಧಕದ ಅನಿಲಗಳನ್ನು ಒಡೆದಾಗ ಗಂಧಕದ ಐಸೋಟೋಪ್‌ಗಳು ವಿಚಿತ್ರ ಪ್ರಮಾಣದಲ್ಲಿ ಹಂಚಿಹೋಗುತ್ತವೆ. ಆ ಗುರುತು ಹಳೆಯ ಕಲ್ಲುಗಳಲ್ಲೆಲ್ಲ ಇದೆ ಎಂದು ಜೇಮ್ಸ್ ಫಾರ್ಕರ್ ಮತ್ತು ಸಂಗಡಿಗರು ತೋರಿಸಿದರು. 240ರಿಂದ 230 ಕೋಟಿ ವರ್ಷಗಳ ಹಿಂದೆ ಅದು ಕಾಣೆಯಾಗುತ್ತದೆ, ಮತ್ತೆಂದೂ ಬರುವುದಿಲ್ಲ. ಆ ಗುರುತು ಉಳಿಯಬೇಕಾದರೆ ಆಮ್ಲಜನಕ ಇಂದಿನ ಮಟ್ಟದ ಲಕ್ಷದಲ್ಲೊಂದು ಪಾಲಿಗಿಂತ ಕಡಿಮೆ ಇರಬೇಕು. ಎಷ್ಟೋ ಕೋಟಿ ವರ್ಷಗಳ ಹಿಂದಿನ ಗಾಳಿಯಲ್ಲಿ ಅಷ್ಟು ಅಲ್ಪವಾದದ್ದು ಇರಲಿಲ್ಲ ಎಂದು ಗಂಧಕ ಹೇಳಬಲ್ಲುದು ಎನ್ನುವುದೇ ನನ್ನನ್ನು ಬೆರಗಾಗಿಸುತ್ತದೆ.

ಆ ಆಮ್ಲಜನಕ ಕೊಟ್ಟದ್ದು ನೀಲಿ-ಹಸಿರು ಪಾಚಿ ಎಂದು ನಾವು ಕರೆಯುವ ಸಯನೋಬ್ಯಾಕ್ಟೀರಿಯಾ. ಬೆಳಕಿನ ಬಲದಿಂದ ನೀರನ್ನೇ ಒಡೆದು ಜಲಜನಕ ಇಟ್ಟುಕೊಂಡು ಆಮ್ಲಜನಕವನ್ನು ಹೊರಗೆಸೆಯುವ ವಿದ್ಯೆ ಒಮ್ಮೆ ಮಾತ್ರ ಹುಟ್ಟಿದಂತೆ ಕಾಣುತ್ತದೆ. ಇಂದಿನ ಪ್ರತಿ ಹಸಿರೆಲೆಯಲ್ಲಿ ಬೆಳಕು ಹಿಡಿಯುವ ಪುಟ್ಟ ಹಸಿರು ಕಣಗಳಾದ ಹರಿದ್ರೇಣುಗಳೂ ಅದೇ ವಂಶದವು. ಆ ವಿದ್ಯೆ ಗಾಳಿ ಬದಲಾಗುವುದಕ್ಕಿಂತ ಬಹಳ ಮೊದಲೇ ಇತ್ತೆಂದು ಹಲವು ಭೂವಿಜ್ಞಾನಿಗಳ ವಾದ. ಮತ್ತೇಕೆ ತಡವಾಯಿತು? ನನಗೆ ಹೆಚ್ಚು ಒಪ್ಪಿಗೆಯಾಗುವ ಉತ್ತರ ಲೆಕ್ಕದ್ದು. ಸಮುದ್ರದಲ್ಲಿ ಕರಗಿದ್ದ ಅಪಾರ ಕಬ್ಬಿಣ, ಜ್ವಾಲಾಮುಖಿಗಳ ಜಲಜನಕ, ಮೀಥೇನ್ ಎಲ್ಲವೂ ಆಮ್ಲಜನಕ ಹುಟ್ಟಿದ ಕ್ಷಣವೇ ಅದನ್ನು ನುಂಗುತ್ತಿದ್ದವು. ಪಿಲ್ಬಾರದ ಹ್ಯಾಮರ್ಸ್ಲಿಯ ಪಟ್ಟೆಪಟ್ಟೆಯಾದ ಕಬ್ಬಿಣದ ಕಲ್ಲು ಆ ಕಾಲದ ಸಮುದ್ರ ತಳಕ್ಕೆ ಇಳಿಸಿದ್ದು. ಇನ್ನೊಂದು ಕಡೆ ಜಲಜನಕ ಬಾಹ್ಯಾಕಾಶಕ್ಕೆ ಸೋರುತ್ತಿತ್ತು. ಮೀಥೇನ್ ಮೇಲಕ್ಕೇರಿ ಒಡೆದು ಅದರ ಜಲಜನಕ ತಪ್ಪಿಸಿಕೊಂಡು ಹೋದಷ್ಟೂ ಭೂಮಿ ನಿಧಾನವಾಗಿ, ಹಿಂತಿರುಗದಂತೆ ಉತ್ಕರ್ಷಿತವಾಗುತ್ತ, ಎಂದರೆ ಆಮ್ಲಜನಕದ ಜೊತೆ ಕೂಡಿಕೊಳ್ಳುತ್ತ ಬಂತು. 2001ರಲ್ಲಿ ಡೇವಿಡ್ ಕ್ಯಾಟ್ಲಿಂಗ್, ಕೆವಿನ್ ಜಾನ್ಲೆ, ಕ್ರಿಸ್ ಮೆಕ್‌ಕೇ ಇದನ್ನು ವಾದವಾಗಿ ಕಟ್ಟಿದರು. ಜೀವಿ ಮಾಡುವ ಕೆಲಸ ಬದಲಾಗಲಿಲ್ಲ, ನುಂಗುವವರ ಹಸಿವು ಇಂಗಿತು. ಆ ಸೋರಿಕೆ ಇಂದಿಗೂ ಸೆಕೆಂಡಿಗೆ ಸುಮಾರು 3 ಕಿಲೋಗ್ರಾಂ ಜಲಜನಕದಂತೆ ನಡೆದೇ ಇದೆ. ಹೊರಹೋಗುವ ಜಲಜನಕದ ತೆಳು ಮೋಡ ಚಂದ್ರನನ್ನೂ ದಾಟಿ 6.3 ಲಕ್ಷ ಕಿಲೋಮೀಟರ್‌ವರೆಗೆ ಹಬ್ಬಿದೆ ಎಂದು ಸೂರ್ಯನನ್ನು ಗಮನಿಸುವ ಸೋಹೋ ನೌಕೆಯ ಮಾಹಿತಿಯಿಂದ 2019ರಲ್ಲಿ ಗೊತ್ತಾಯಿತು.

ಆಮ್ಲಜನಕ ಬಂದ ಮೇಲೆ ಅದರಿಂದಲೇ ಓಝೋನ್. ಅದನ್ನೆಲ್ಲ ಕೆಳಗಿಳಿಸಿ ನೆಲಮಟ್ಟದ ಒತ್ತಡದಲ್ಲಿ ಹರಡಿದರೆ 3 ಮಿಲಿಮೀಟರ್ ದಪ್ಪವಷ್ಟೇ. ನೆಲದ ಮೇಲಿನ ಬದುಕು ಆ 3 ಮಿಲಿಮೀಟರಿನ ನೆರಳಿನಲ್ಲಿದೆ. ಆಮೇಲಿನ ನೂರಕ್ಕೂ ಹೆಚ್ಚು ಕೋಟಿ ವರ್ಷ ಆಮ್ಲಜನಕ ಕೆಳಮಟ್ಟದಲ್ಲೇ ತೆವಳಿತು. 72 ಕೋಟಿಯಿಂದ 63.5 ಕೋಟಿ ವರ್ಷಗಳ ಹಿಂದಿನ ಅವಧಿಯಲ್ಲಿ ಎರಡು ಬಾರಿ ಹಿಮ ಬಹುತೇಕ ಇಡೀ ಗ್ರಹವನ್ನು ಮುಚ್ಚಿತು. ಅದರಿಂದ ಬಿಡಿಸಿದ್ದು ಹಿಮದ ಕೆಳಗೂ ನಿಲ್ಲದೆ ಉಗುಳುತ್ತಿದ್ದ ಜ್ವಾಲಾಮುಖಿಗಳ ಇಂಗಾಲವೇ. ನೆಲದ ಮೇಲೆ ಕಾಡು ಹಬ್ಬಿ ಜೌಗಿನಲ್ಲಿ ಹೂತಾಗ, ಸುಮಾರು 30 ಕೋಟಿ ವರ್ಷಗಳ ಹಿಂದೆ, ಆಮ್ಲಜನಕ ಶೇಕಡಾ 30ರ ಆಸುಪಾಸಿಗೆ ಏರಿತ್ತೆಂದು ಅಂದಾಜು. ಕೊಡತಿಕೀಟವನ್ನು ಹೋಲುವ ಮೆಗಾನ್ಯೂರಾ ಆಗ 65 ಸೆಂಟಿಮೀಟರಿಗೂ ಅಗಲಕ್ಕೆ ರೆಕ್ಕೆ ಹರಡಿ ಹಾರುತ್ತಿತ್ತು. ಸಸ್ಯಗಳು ನೆಲದ ಮೇಲೆ ಹಬ್ಬಿಕೊಂಡ ಮೇಲಿನ ಬಹುಪಾಲು ಕಾಲದ ಪದರಗಳಲ್ಲಿ ಕಾಡ್ಗಿಚ್ಚಿನ ಇದ್ದಿಲು ಸಿಗುತ್ತದೆ. ಆಮ್ಲಜನಕ ತೀರ ಕಡಿಮೆಯಾದರೆ ಬೆಂಕಿ ಹತ್ತುವುದಿಲ್ಲ, ತೀರ ಹೆಚ್ಚಾದರೆ ಹಸಿ ಕಾಡೂ ಉಳಿಯುವುದಿಲ್ಲ. ಕಾಡೂ ಇದೆ, ಇದ್ದಿಲೂ ಇದೆ.

ಇನ್ನು ನಮ್ಮ ಕಾಲ. ಚಾರ್ಲ್ಸ್ ಡೇವಿಡ್ ಕೀಲಿಂಗ್ 1958ರಲ್ಲಿ ಹವಾಯಿಯ ಮೌನಾ ಲೋವಾದಲ್ಲಿ ಅಳೆಯಲು ಶುರುಮಾಡಿದಾಗ ಇಂಗಾಲದ ಡೈಆಕ್ಸೈಡ್ ದಶಲಕ್ಷಕ್ಕೆ 315ರ ಆಸುಪಾಸಿನಲ್ಲಿತ್ತು. ಈಗ 420 ದಾಟಿದೆ. ಅಂಟಾರ್ಕ್ಟಿಕದ ಡೋಮ್ ಸಿ ಹಿಮದಲ್ಲಿ ಸಿಕ್ಕಿಕೊಂಡ ಗಾಳಿಗುಳ್ಳೆಗಳು 8 ಲಕ್ಷ ವರ್ಷಗಳ ದಾಖಲೆ ಕೊಡುತ್ತವೆ. ಕೈಗಾರಿಕೆಗಳು ಶುರುವಾಗುವ ಮೊದಲು ಅಷ್ಟೂ ಕಾಲ ಅದು 172ರಿಂದ 300ರೊಳಗೆ ಏರಿಳಿದಿದೆ. ಇದು ಹಲವರಿಗೆ ಗೊತ್ತು. ಅಷ್ಟಾಗಿ ಗೊತ್ತಿಲ್ಲದ್ದು ಅವರ ಮಗ ರಾಲ್ಫ್ ಕೀಲಿಂಗ್ 1980ರ ದಶಕದ ಕೊನೆಯಿಂದ ಅಳೆಯುತ್ತ ಬಂದಿರುವ ಆಮ್ಲಜನಕ. ದಶಲಕ್ಷದಲ್ಲಿ ಎರಡು ಲಕ್ಷಕ್ಕೂ ಹೆಚ್ಚಿರುವ ಅನಿಲದಲ್ಲಿ ಒಂದೆರಡರ ಬದಲಾವಣೆ ಹಿಡಿಯುವುದು ಎಂಥ ಕಷ್ಟವೆಂದು ಊಹಿಸಿ. ಆಮ್ಲಜನಕ ವರ್ಷಕ್ಕೆ ದಶಲಕ್ಷಕ್ಕೆ ಸುಮಾರು ನಾಲ್ಕರಂತೆ ಇಳಿಯುತ್ತಿದೆ. ಇದರಿಂದ ಯಾರಿಗೂ ಉಸಿರು ಕಟ್ಟುವುದಿಲ್ಲ, ಸಿಗುವ ಕಲ್ಲಿದ್ದಲು, ತೈಲವನ್ನೆಲ್ಲ ಸುಟ್ಟರೂ ಕಟ್ಟುವುದಿಲ್ಲ. ಆದರೆ ಈ ಇಳಿಕೆ ಒಂದು ಪ್ರಶ್ನೆಯನ್ನು ಶಾಶ್ವತವಾಗಿ ಮುಗಿಸುತ್ತದೆ. ಹೆಚ್ಚುತ್ತಿರುವ ಇಂಗಾಲದ ಡೈಆಕ್ಸೈಡ್ ಜ್ವಾಲಾಮುಖಿಯದೋ ಬೆಚ್ಚಗಾದ ಸಮುದ್ರದ್ದೋ ಆಗಿದ್ದರೆ ಆಮ್ಲಜನಕ ಹೀಗೆ ಇಳಿಯುತ್ತಿರಲಿಲ್ಲ. ಏನೋ ಉರಿಯುತ್ತಿದೆ. ಎಂದೋ ಹೂತ ಇಂಗಾಲವನ್ನು ತೆಗೆದು ಅದು ಬಿಟ್ಟುಹೋದ ಆಮ್ಲಜನಕದ ಜೊತೆಗೇ ಮತ್ತೆ ಜೋಡಿಸುತ್ತಿದ್ದೇವೆ. ಆಮ್ಲಜನಕದ ಇಳಿಕೆ ಇಂಗಾಲದ ಡೈಆಕ್ಸೈಡಿನ ಏರಿಕೆಗಿಂತ ಹೆಚ್ಚಿದೆ, ಯಾಕೆಂದರೆ ಹುಟ್ಟಿದ ಇಂಗಾಲದ ಡೈಆಕ್ಸೈಡಿನ ಒಂದು ಪಾಲು ಸಮುದ್ರದಲ್ಲಿ ಕರಗುತ್ತಿದೆ. ಎರಡು ಅಳತೆಗಳನ್ನೂ ಪಕ್ಕಪಕ್ಕ ಇಟ್ಟು ಸಮುದ್ರ ಎಷ್ಟು ನುಂಗಿತು, ನೆಲದ ಹಸಿರು ಎಷ್ಟು ನುಂಗಿತು ಎಂದು ಬಿಡಿಸಿ ಹೇಳುತ್ತಾರೆ.

ಇಷ್ಟೆಲ್ಲ ಓದಿದ ಮೇಲೆ ಬೇರೆ ನಕ್ಷತ್ರಗಳ ಗ್ರಹಗಳಲ್ಲಿ ಜೀವ ಹುಡುಕುವ ಸುದ್ದಿ ನನಗೆ ಬೇರೆಯೇ ಆಗಿ ಕೇಳಿಸುತ್ತದೆ. ಗ್ರಹವೊಂದರ ಗಾಳಿ ನೋಡಿಯೇ ಅಲ್ಲಿ ಜೀವವಿದೆಯೇ ಎಂದು ಹೇಳಬಹುದೆಂದು 1965ರಲ್ಲಿ ಜೇಮ್ಸ್ ಲವ್‌ಲಾಕ್ ಸೂಚಿಸಿದರು. ಒಟ್ಟಿಗೆ ಬಾಳಲಾರದ ಅನಿಲಗಳು ಒಟ್ಟಿಗೆ ಕಂಡರೆ ಅವನ್ನು ಯಾರೋ ಹೊಸದಾಗಿ ಪೂರೈಸುತ್ತಿರಬೇಕು. ಆಮ್ಲಜನಕವಿರುವ ನಮ್ಮ ಗಾಳಿಯಲ್ಲಿ ಮೀಥೇನ್ ಹತ್ತು ವರ್ಷದ ಆಸುಪಾಸು ಬಾಳುತ್ತದೆ, ಆದರೂ ಸದಾ ಇರುತ್ತದೆ. ಜನರ ಮನಸ್ಸಿನಲ್ಲಿ ಮಾತ್ರ ಈ ಸೂತ್ರ ಆಮ್ಲಜನಕ ಸಿಕ್ಕರೆ ಜೀವ ಸಿಕ್ಕಂತೆ ಎಂದು ಕುಗ್ಗಿದೆ. ಭೂಮಿಯ ಮೇಲೆ ಜೀವ ಕನಿಷ್ಠ 350 ಕೋಟಿ ವರ್ಷಗಳಿಂದ ಇದೆ, ಅದರಲ್ಲಿ ಮೊದಲ ನೂರು ಕೋಟಿಗೂ ಹೆಚ್ಚು ವರ್ಷ ಗಾಳಿಯಲ್ಲಿ ಆಮ್ಲಜನಕವೇ ಇರಲಿಲ್ಲ. ಮುಂದೆಯೂ ಸೂರ್ಯ ಪ್ರಖರವಾಗುತ್ತ ಹೋದಂತೆ ಕಲ್ಲು ಇಂಗಾಲವನ್ನು ಇನ್ನಷ್ಟು ನುಂಗಿ ಹಸಿರಿಗೆ ಆಹಾರ ಸಾಲದಾಗುತ್ತದೆ. ಕಝುಮಿ ಒಝಾಕಿ ಮತ್ತು ಕ್ರಿಸ್ಟೋಫರ್ ರೀನ್‌ಹಾರ್ಡ್ 2021ರಲ್ಲಿ ಪ್ರಕಟಿಸಿದ ಮಾದರಿಗಳ ಪ್ರಕಾರ ಸುಮಾರು 100 ಕೋಟಿ ವರ್ಷಗಳಲ್ಲಿ ಆಮ್ಲಜನಕ ಮತ್ತೆ ಕುಸಿಯುತ್ತದೆ. ಆಗಲೂ ಇಲ್ಲಿ ಬ್ಯಾಕ್ಟೀರಿಯಾಗಳು ಬದುಕಿರಬಹುದು.

ಜೇಮ್ಸ್ ವೆಬ್ ದೂರದರ್ಶಕ ಇದೀಗ ಸಣ್ಣ ಕೆಂಪು ನಕ್ಷತ್ರಗಳ ಸುತ್ತಲಿನ ಕಲ್ಲಿನ ಗ್ರಹಗಳಿಗೆ ಗಾಳಿಯಿದೆಯೇ ಎಂದೇ ಇನ್ನೂ ಹುಡುಕುತ್ತಿದೆ. ಗಾಳಿ ಸಿಕ್ಕ ದಿನ ಹುಡುಕಬೇಕಾದ್ದು ಆಮ್ಲಜನಕವೊಂದನ್ನೇ ಅಲ್ಲ. ಇಂಗಾಲದ ಡೈಆಕ್ಸೈಡ್ ಮತ್ತು ಮೀಥೇನ್ ಎರಡೂ ಹೇರಳವಾಗಿದ್ದು, ಕಾರ್ಬನ್ ಮಾನಾಕ್ಸೈಡ್ ಮಾತ್ರ ಬಹುತೇಕ ಇಲ್ಲದಿದ್ದರೆ, ಬರೀ ಜ್ವಾಲಾಮುಖಿಗಳಿಂದ ಅದನ್ನು ವಿವರಿಸುವುದು ಕಷ್ಟ ಎಂದು 2018ರಲ್ಲಿ ಕೆಲವು ವಿಜ್ಞಾನಿಗಳು ಬರೆದಿದ್ದಾರೆ. 300 ಕೋಟಿ ವರ್ಷಗಳ ಹಿಂದಿನ ಭೂಮಿಯನ್ನು ಯಾರಾದರೂ ದೂರದಿಂದ ನೋಡಿದ್ದರೆ ಅವರಿಗೂ ಬಹುಶಃ ಅದೇ ಕಾಣುತ್ತಿತ್ತು.